ಕ್ಯಾಸಲ್‌ರಾಕ್‌ನ ‘ಟಿ’ ಎಲ್ಲಿ ಹೋಯಿತು? ಇಂಗ್ಲಿಷಿನ ಸೈಲೆಂಟ್ ಅಕ್ಷರ ಹಿಡಿಯುವ ದಾರಿ

ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಮೊದಲ ಪದದ ನಡುವೆ ಒಂದು ‘ಟಿ’ ಬರುತ್ತದೆ. ಹೆಸರನ್ನು ಕಿವಿಯಿಂದ ಕಲಿತವರು ಅದನ್ನು ತಾವಾಗಿಯೇ ಬಿಟ್ಟು ಹೇಳುತ್ತಾರೆ. ಅಕ್ಷರ ಕೂಡಿಸಿ ಓದುವ ಮಕ್ಕಳು ‘ಕ್ಯಾಸ್ಟಲ್’ ಎನ್ನುತ್ತಾರೆ. ಕನ್ನಡವನ್ನು ಬರೆದಂತೆಯೇ ಓದಿ ರೂಢಿಯಾದ ನಾಲಿಗೆಗೆ ಇದು ಸಹಜ. ಹಾಗಾಗಿ ಕಲಿಕೆ ಕಿವಿಯಿಂದ ಶುರುವಾಗಬೇಕು, ಪುಸ್ತಕ ಆಮೇಲೆ.

ಮೊದಲು ಮೊಬೈಲ್ ನಿಘಂಟಿನಲ್ಲಿ ಪದದ ಉಚ್ಚಾರವನ್ನು ಎರಡು–ಮೂರು ಸಲ ಕೇಳಿ. ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ಇಂಗ್ಲಿಷ್ ಸ್ಪೆಲಿಂಗ್ ಬರೆಯಿರಿ. ಸದ್ದಿಲ್ಲದ ಅಕ್ಷರಕ್ಕೆ ಪೆನ್ಸಿಲ್‌ನಿಂದ ಸುತ್ತು ಹಾಕಿ. ಬೋಟಿನವರು ವೇಗ ಹೇಳುವ ‘ನಾಟ್’ ಪದಕ್ಕೆ ಕೆ-ಎನ್-ಒ-ಟಿ ಎಂದು ಬರೆದರೆ ಸುತ್ತು ‘ಕೆ’ಗೆ ಬೀಳುತ್ತದೆ.

ಸುತ್ತು ಹಾಕಿದ ಪದಗಳನ್ನು ಜಾಗ ನೋಡಿ ವಿಂಗಡಿಸುವುದು ಎರಡನೇ ಕೆಲಸ. ಪದದ ಆರಂಭದಲ್ಲಿ ಕೆ-ಎನ್, ಜಿ-ಎನ್, ಡಬ್ಲ್ಯು-ಆರ್, ಪಿ-ಎಸ್ ಬಂದರೆ ಮೊದಲ ಅಕ್ಷರ ಸಾಮಾನ್ಯವಾಗಿ ಸೈಲೆಂಟ್: ನೈಫ್, ರೈಟ್, ಸೈಕಾಲಜಿ. ಈ ‘ಕೆ’ ಹಿಂದೆ ಉಚ್ಚಾರದಲ್ಲೂ ಇತ್ತು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣಾಲಯ ತೆರೆದ ಮೇಲೆ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಯಿತು, ನಾಲಿಗೆ ಮಾತ್ರ ಬದಲಾಗುತ್ತಲೇ ಹೋಯಿತು. ಎಸ್-ಟಿ ಆದಮೇಲೆ ಎಲ್-ಇ ಅಥವಾ ಇ-ಎನ್ ಬಂದಲ್ಲಿ ‘ಟಿ’ ಹೋಗುತ್ತದೆ: ವಿಸಲ್, ಲಿಸನ್. ‘ಆಫನ್’ ಪದದಲ್ಲಿ ‘ಟಿ’ ಹೇಳಿದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ.

‘ಎಲ್’ ವಿಷಯದಲ್ಲಿ ಹಿಂದಿನ ಸ್ವರ ನೋಡಿ. ‘ಎ’ ಆದಮೇಲೆ ಎಲ್-ಕೆ, ಎಲ್-ಎಂ, ಎಲ್-ಎಫ್ ಇದ್ದರೆ ಹೆಚ್ಚಾಗಿ ಸೈಲೆಂಟ್: ವಾಕ್, ಕಾಮ್, ಹಾಫ್. ‘ಐ’ ಇದ್ದರೆ ಕೇಳುತ್ತದೆ: ಮಿಲ್ಕ್, ಫಿಲ್ಮ್. ಕಾರವಾರದ ಮೀನುಪೇಟೆಯ ರಾವಸ್‌ಗೆ ಇಂಗ್ಲಿಷಿನವರು ಇಂಡಿಯನ್ ‘ಸ್ಯಾಮನ್’ ಎನ್ನುತ್ತಾರೆ, ‘ಸಾಲ್ಮನ್’ ಅಲ್ಲ.

ಹೆಚ್ಚು ಜನ ಎಡವುವುದು ಎಂ-ಬಿ ಜೋಡಿಯಲ್ಲಿ. ಪದದ ಕೊನೆಯಲ್ಲಿ ‘ಬಿ’ ಕೇಳುವುದಿಲ್ಲ: ಕೋಮ್, ಥಮ್, ಲ್ಯಾಮ್. ಇದನ್ನು ಕಲಿತ ಹುಮ್ಮಸ್ಸಿನಲ್ಲಿ ಶಿರಸಿಯ ಟಿಂಬರ್ ಡಿಪೋವನ್ನು ‘ಟಿಮರ್’ ಮಾಡಬೇಡಿ. ಅಲ್ಲಿ ‘ಬಿ’ ಪದದ ಒಡಲಲ್ಲಿದೆ, ಕೇಳುತ್ತದೆ. ಪ್ಲಂಬರ್‌ನಲ್ಲಿ ಮೂಲಪದವೇ ಎಂ-ಬಿಯಲ್ಲಿ ಮುಗಿದು, ಮೇಲೆ ಇ-ಆರ್ ಅಂಟಿಕೊಂಡಿದೆ. ಆದ್ದರಿಂದ ಅದು ‘ಪ್ಲಮರ್’. ಕ್ಲೈಮರ್, ಕ್ಲೈಮಿಂಗ್ ಕೂಡ ಹಾಗೆಯೇ. ಬಾಲ ಕತ್ತರಿಸಿ ನೋಡಿ: ಅದೇ ಅರ್ಥದ ಮೂಲಪದ ಉಳಿದರೆ ‘ಬಿ’ ಸೈಲೆಂಟ್. ಅರ್ಥವನ್ನು ಮರೆತರೆ ‘ನಂಬರ್’ ಮೋಸ ಮಾಡುತ್ತದೆ. ಬಾಲ ತೆಗೆದರೆ ಜೋಮು ಹಿಡಿದದ್ದಕ್ಕೆ ಹೇಳುವ ‘ನಮ್’ ಸಿಗುತ್ತದೆ. ಸಂಖ್ಯೆಗೂ ಜೋಮಿಗೂ ಏನು ಸಂಬಂಧ?

ಇಷ್ಟು ಓದುವುದಕ್ಕಾಯಿತು. ಬರೆಯುವಾಗ ಕೇಳದ ಅಕ್ಷರ ನೆನಪಾಗಬೇಕಾದರೆ ಪದದ ನೆಂಟರನ್ನು ಕರೆಯಬೇಕು. ‘ಸೈನ್’ನಲ್ಲಿ ಅಡಗಿದ ‘ಜಿ’ ಸಿಗ್ನೇಚರ್‌ನಲ್ಲಿ ಕೇಳುತ್ತದೆ. ‘ಮಸಲ್’ನ ‘ಸಿ’ ಮಸ್ಕ್ಯುಲರ್‌ನಲ್ಲಿದೆ. ಸಾಲಕ್ಕೆ ಹೇಳುವ ‘ಡೆಟ್’ನ ‘ಬಿ’ಗೆ ಡೆಬಿಟ್ ಕಾರ್ಡ್ ಸಾಕ್ಷಿ. ಹಳೆಯ ಇಂಗ್ಲಿಷ್ ಬರಹದಲ್ಲಿ ಡೆಟ್‌ಗೆ ಈ ‘ಬಿ’ ಇರಲಿಲ್ಲ, ಲ್ಯಾಟಿನ್ ಮೂಲವನ್ನು ಕಾಣಿಸಬೇಕೆಂದು ಪಂಡಿತರು ಆಮೇಲೆ ತುರುಕಿದರು. ‘ರಿಸೀಟ್’ನ ‘ಪಿ’ ಕೂಡ ಅಂಥದ್ದೇ, ಅದಕ್ಕೆ ರಿಸೆಪ್ಷನ್ ನೆಂಟ. ನೇತ್ರಾಣಿಯನ್ನು ‘ಐಲಂಡ್’ ಎಂದು ಬರೆಯುವಾಗಿನ ‘ಎಸ್’ ತಪ್ಪು ನೆಂಟಸ್ತಿಕೆಯಿಂದ ಬಂದದ್ದು, ಬಾಯಿಪಾಠವೇ ಗತಿ. ವೆನ್ಸ್‌ಡೇ ಬರೆಯುವಾಗ ಮನಸ್ಸಿನಲ್ಲಿ ‘ವೆಡ್-ನೆಸ್-ಡೇ’ ಎಂದುಕೊಳ್ಳಿ, ಬಾಯಲ್ಲಿ ಬೇಡ.

ಕೊನೆಯ ‘ಇ’ಯನ್ನು ದಂಡಪಿಂಡ ಎಂದುಕೊಳ್ಳಬೇಡಿ. ಕಿಟ್ ಅನ್ನು ಕೈಟ್, ಹಾಪ್ ಅನ್ನು ಹೋಪ್ ಮಾಡುವುದು ಅದೇ. ಐ-ಎನ್-ಜಿ ಸೇರಿಸುವಾಗ ‘ಇ’ ಬೀಳುತ್ತದೆ, ಹೋಪಿಂಗ್‌ಗೆ ಒಂದೇ ‘ಪಿ’. ಹಾಪಿಂಗ್‌ಗೆ ಎರಡು. ಇದು ತಪ್ಪಿದರೆ ಆಸೆಪಡುವವನು ಕುಪ್ಪಳಿಸುತ್ತಾನೆ.

ಇನ್ನು ‘ಎ’, ‘ಆ್ಯನ್’. ಇಲ್ಲಿ ಅಕ್ಷರ ಲೆಕ್ಕಕ್ಕಿಲ್ಲ, ಸದ್ದು ಮಾತ್ರ. ಅವರ್, ಆನೆಸ್ಟ್, ಆನರ್ ಪದಗಳ ‘ಎಚ್’ ಕೇಳದ ಕಾರಣ ‘ಆ್ಯನ್ ಅವರ್’. ಹೊನ್ನಾವರದ ‘ಹ’ ಸ್ಪಷ್ಟವಾಗಿ ಕೇಳುವುದರಿಂದ ‘ಎ ಹೊನ್ನಾವರ ಬಸ್’.