ವೀಲ್‌ಚೇರ್ ತಳ್ಳುವ ಕೈಗೆ ಗ್ಲೌಸ್ ಆರಿಸುವುದು ಹೇಗೆ?

ವೀಲ್‌ಚೇರ್‌ನಲ್ಲಿ ಕೂತು ತಾವೇ ಕೈಯಿಂದ ತಳ್ಳಿಕೊಂಡು ಓಡಾಡುವವರಿಗೆ ಗ್ಲೌಸ್ ತರುವುದು ಸಾಮಾನ್ಯವಾಗಿ ಬೇರೆಯವರು. ಯಾವುದೋ ಕೆಲಸಕ್ಕೆ ಚೌಕಿಪೇಟೆಗೆ ಹೋದ ತಮ್ಮನೋ ಭಾವನೋ ಬರುವಾಗ ಒಂದು ಜೊತೆ ತಂದುಕೊಡುತ್ತಾರೆ. ಬೈಕ್ ಓಡಿಸುವವರ ದಪ್ಪ ಗ್ಲೌಸ್, ಇಲ್ಲಾಂದ್ರೆ ಕಾರ್ಖಾನೆಯಲ್ಲಿ ಹಾಕುವ ಬಿಳಿ ಹತ್ತಿ ಗ್ಲೌಸ್. ನಾಲ್ಕು ದಿನ ಹಾಕಿಕೊಂಡು, ಕೈ ಜಾರುತ್ತೆ, ಬೆವರುತ್ತೆ ಅಂತ ಬಿಚ್ಚಿ ಇಟ್ಟುಬಿಡುತ್ತಾರೆ. ಆಮೇಲೆ ‘ನನಗೆ ಗ್ಲೌಸ್ ಆಗಿಬರಲ್ಲ’ ಅಂತ ಬರಿಗೈಯಲ್ಲೇ ತಳ್ಳುತ್ತಾರೆ. ನಾನೂ ಚೇರ್ ಮೇಲೆ ಓಡಾಡುವವನು. ದಾವಣಗೆರೆಯಲ್ಲಿ ಹೀಗೆ ಕೈ ಹಾಳು ಮಾಡಿಕೊಂಡವರನ್ನು ನೋಡಿ ನೋಡಿ ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ.

ಬೇರೆಯವರಿಗೆ ಅಂಗೈಯಲ್ಲಿ ಬೊಬ್ಬೆ ಬಂದರೆ ಎರಡು ದಿನ ಕೈಗೆ ಕೆಲಸ ಕೊಡದೆ ಇರಬಹುದು. ನಮಗೆ ಬೆಳಿಗ್ಗೆ ಬಚ್ಚಲಿಗೆ ಹೋಗಬೇಕಾದರೂ ಅದೇ ಕೈ ಬೇಕು. ನಮ್ಮೂರ ಏಪ್ರಿಲ್ ಬಿಸಿಲಿಗೆ ಹೊರಗೆ ನಿಲ್ಲಿಸಿದ ಚೇರಿನ ಸ್ಟೀಲ್ ರಿಮ್ (ಚಕ್ರದ ಹೊರಬದಿಗೆ ಇರುವ, ತಳ್ಳಲು ಕೈಯಲ್ಲಿ ಹಿಡಿಯುವ ಬಳೆ) ಮುಟ್ಟಲಾಗದಷ್ಟು ಕಾಯುತ್ತದೆ. ಮಳೆ ಬಂದರೆ ಅದೇ ರಿಮ್ ಸೋಪು ಹಚ್ಚಿದ ಹಾಗೆ ಜಾರುತ್ತದೆ. ರಸ್ತೆಯ ಸಗಣಿ, ಉಗುಳು, ಕೆಸರು ಎಲ್ಲ ಟೈರಿನಿಂದ ನೇರ ಕೈಗೆ ಬರುತ್ತದೆ. ಗ್ಲೌಸ್ ಬೇಕೇ ಬೇಕು. ಆದರೆ ಹಾಕಿಕೊಳ್ಳುವವರೇ ನೋಡಿ ಆರಿಸಬೇಕು.

ಮೊದಲು ಕೈ ಎಲ್ಲಿ ಸವೆಯುತ್ತದೆ ನೋಡಿ

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎರಡು ಸೀಮೆಸುಣ್ಣ ಪುಡಿ ಮಾಡಿಕೊಳ್ಳಿ. ರಿಮ್ಮನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸುತ್ತಲೂ ಪುಡಿ ಉದುರಿಸಿ. ಗ್ಲೌಸ್ ಇಲ್ಲದೆ ಹಜಾರದ ಆ ತುದಿಯಿಂದ ಈ ತುದಿಗೆ ನೀವು ದಿನಾ ತಳ್ಳುವ ಹಾಗೇ ತಳ್ಳಿ. ಈಗ ಅಂಗೈ ತಿರುಗಿಸಿ ನೋಡಿ. ಬಹಳ ಜನರಿಗೆ ಹೆಬ್ಬೆರಳ ಕೆಳಗಿನ ಉಬ್ಬಿದ ಭಾಗ, ಹೆಬ್ಬೆರಳ ಒಳಮೈ, ತೋರುಬೆರಳ ಪಕ್ಕ, ಇಷ್ಟು ಬೆಳ್ಳಗಾಗಿರುತ್ತದೆ. ಅಂಗೈ ನಟ್ಟನಡುವೆ ಪುಡಿಯೇ ಇರುವುದಿಲ್ಲ. ಅಂಗಡಿಯ ಗ್ಲೌಸ್‌ನಲ್ಲಿ ಸ್ಪಂಜು ತುಂಬಿರುವುದು ಎಷ್ಟೋ ಸಲ ಅದೇ ನಡುಭಾಗಕ್ಕೆ!

ಕೈ ಒರೆಸಿಕೊಂಡು ಮತ್ತೆ ಪುಡಿ ಹಾಕಿ. ಈ ಸಲ ಸ್ವಲ್ಪ ವೇಗ ತಗೊಂಡು ಕೈಯಲ್ಲೇ ತಡೆದು ನಿಲ್ಲಿಸಿ. ಈಗ ಗುರುತು ಬೇರೆ ಕಡೆ ಇರುತ್ತದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದಿನಲ್ಲಿ. ಗ್ಲೌಸ್ ಮೊದಲು ಹರಿಯುವುದು ಅಲ್ಲೇ, ಚರ್ಮ ಮೊದಲು ಸುಲಿಯುವುದೂ ಅಲ್ಲೇ.

ಇನ್ನೂ ಎರಡು ಕಡೆ ಕಣ್ಣಾಡಿಸಿ. ತಳ್ಳುವಾಗ ಹೆಬ್ಬೆರಳ ಗೆಣ್ಣು ಬ್ರೇಕ್ ಲಿವರಿಗೆ ತಾಗಿ ತರಚಿದೆಯಾ? ಹಾಗಿದ್ದರೆ ಹೆಬ್ಬೆರಳು ಪೂರ್ತಿ ಮುಚ್ಚುವ ಗ್ಲೌಸ್ ಬೇಕು. ಬೆರಳುಗಳ ಹೊರಮೈ ಕಪ್ಪಾಗಿದೆಯಾ? ನೀವು ರಿಮ್ ಜೊತೆ ಟೈರನ್ನೂ ಹಿಡಿಯುತ್ತಿದ್ದೀರಿ ಅಂತ ಅರ್ಥ. ಆಗ ಗ್ಲೌಸ್ ಬೆರಳಿನ ಎರಡನೇ ಗೆಣ್ಣಿನವರೆಗಾದರೂ ಬರಬೇಕು.

ತಳ್ಳುವುದಕ್ಕೆ ಹಿಡಿತ, ತಡೆಯುವುದಕ್ಕೆ ಜಾರು

ಎಲ್ಲರೂ ಎಡವುವುದು ಇಲ್ಲೇ. ಗ್ಲೌಸ್ ತಳ್ಳುವುದಕ್ಕೆ ಮಾತ್ರ ಅಂದುಕೊಂಡು, ಅಂಗೈಗೆ ರಬ್ಬರ್ ಬಳಿದಿರುವ, ಗಟ್ಟಿಯಾಗಿ ಕಚ್ಚಿಕೊಳ್ಳುವ ಜೊತೆ ತರುತ್ತಾರೆ. ಸಮತಟ್ಟು ನೆಲದಲ್ಲಿ ಅದು ಚೆನ್ನಾಗೇ ಇರುತ್ತದೆ. ರೈಲ್ವೆ ಕೆಳಸೇತುವೆಯ ಇಳಿಜಾರಿಗೋ, ಚಿತ್ರದುರ್ಗದಲ್ಲಿ ಕೋಟೆ ಕಡೆಯ ಇಳಿಜಾರಿಗೋ ಬಂದಾಗ ಗೊತ್ತಾಗುತ್ತದೆ.

ನಾವು ತಳ್ಳುವ ಮಾಮೂಲಿ ವೀಲ್‌ಚೇರಿಗೆ ಓಡುವಾಗ ಹಾಕುವ ಬ್ರೇಕ್ ಇಲ್ಲ. ಪಕ್ಕದ ಲಿವರ್ ಇರುವುದು ನಿಂತ ಚೇರನ್ನು ಲಾಕ್ ಮಾಡಲು. ಓಡುತ್ತಿರುವಾಗ ಅದನ್ನು ಎಳೆದರೆ ಚಕ್ರ ತಟ್ಟನೆ ನಿಂತು ನೀವು ಮುಂದಕ್ಕೆ ಬೀಳಬಹುದು. ಅಂದರೆ ಇಳಿಜಾರಿನಲ್ಲಿ ಕೈಯೇ ಬ್ರೇಕು. ರಿಮ್ಮನ್ನು ಹೆಬ್ಬೆರಳು, ತೋರುಬೆರಳ ನಡುವೆ ಸಡಿಲವಾಗಿ ಹಿಡಿದು, ಅದು ಎರಡೂ ಕೈಯೊಳಗೆ ಒಂದೇ ಸಮ ಜಾರುತ್ತಾ ಹೋಗಲು ಬಿಟ್ಟು ವೇಗ ತಗ್ಗಿಸಬೇಕು. ರಬ್ಬರ್ ಅಂಗೈ ಜಾರುವುದಿಲ್ಲ. ಬಲಗೈ ಸ್ವಲ್ಪ ಮೊದಲು ಕಚ್ಚಿಕೊಂಡರೆ ಚೇರ್ ಬಲಕ್ಕೆ ತಿರುಗಿಬಿಡುತ್ತದೆ. ಪಕ್ಕದಲ್ಲಿ ಬಸ್ಸೋ ಲಾರಿಯೋ ಇದ್ದರೆ ಏನು ಗತಿ ಹೇಳಿ.

ಬರಿಗೈಯಲ್ಲಿ ತಡೆದರೆ ಉಜ್ಜಿ ಉಜ್ಜಿ ಕಾವು ಏರಿ ಚರ್ಮ ಸುಡುತ್ತದೆ. ತೆಳ್ಳಗಿನ ನೈಲಾನ್ ಬಟ್ಟೆಯ ಗ್ಲೌಸ್ ಹಾಕಿದರೂ ಅಷ್ಟೇ, ಆ ಬಟ್ಟೆಯೇ ಬಿಸಿಯಾಗುತ್ತದೆ. ಕೈಯಲ್ಲಿ ಸ್ಪರ್ಶವೇ ಇಲ್ಲದವರಿಗೆ ಇದು ಇನ್ನೂ ಅಪಾಯ. ಸುಟ್ಟಿದ್ದು ಸಂಜೆ ಕೈ ತೊಳೆಯುವಾಗಲೇ ಕಣ್ಣಿಗೆ ಬೀಳುವುದು.

ಹಾಗಾಗಿ ನನ್ನ ಮಾತು ಖಡಾಖಂಡಿತ. ಕೈಯಲ್ಲಿ ಹಿಡಿಯುವ ಶಕ್ತಿ ಚೆನ್ನಾಗಿದ್ದು, ರಿಮ್ ನುಣ್ಣಗಿನ ಸ್ಟೀಲ್ ಅಥವಾ ಅಲ್ಯುಮಿನಿಯಂ ಆಗಿದ್ದರೆ, ಅಂಗೈಗೆ ನಿಜವಾದ ಚರ್ಮ ಇರುವ ಅರ್ಧ ಬೆರಳಿನ ಗ್ಲೌಸ್ ತಗೊಳ್ಳಿ. ಹೆಬ್ಬೆರಳ ಸಂದಿಗೆ ಎರಡು ಪದರ ಚರ್ಮ ಇರಲಿ. ಚರ್ಮ ತಳ್ಳುವಾಗ ಸಾಕಷ್ಟು ಹಿಡಿಯುತ್ತದೆ, ತಡೆಯುವಾಗ ಹದವಾಗಿ ಜಾರುತ್ತದೆ, ಕಾವನ್ನು ಬೇಗ ಕೈಗೆ ಬಿಡುವುದಿಲ್ಲ. ಬೆರಳ ತುದಿ ಹೊರಗಿದ್ದರೆ ಚಿಲ್ಲರೆ ಎಣಿಸಬಹುದು, ಮೊಬೈಲ್ ಒತ್ತಬಹುದು.

ರಿಮ್ಮಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿಕೊಳ್ಳುವವರೂ ಇದ್ದಾರೆ. ಹಿಡಿತ ಕಮ್ಮಿ ಇರುವವರಿಗೆ ತಳ್ಳಲು ಅದರಿಂದ ಉಪಯೋಗ ಇದೆ, ಇಲ್ಲ ಅನ್ನಲ್ಲ. ಆದರೆ ಟ್ಯೂಬ್ ಸುತ್ತಿದ ರಿಮ್ಮನ್ನು ಬರಿಗೈಯಲ್ಲಿ ತಡೆಯಲೇಬೇಡಿ, ಕ್ಷಣದಲ್ಲಿ ಸುಡುತ್ತದೆ. ಪ್ಲಾಸ್ಟಿಕ್ ಲೇಪ ಇರುವ ರಿಮ್ಮಿಗೂ ಇದೇ ಮಾತು. ಅಂಥ ರಿಮ್ ಇದ್ದು ಕೈಯಲ್ಲಿ ಹಿಡಿತವೂ ಇರುವವರು ರಬ್ಬರ್ ಗ್ಲೌಸನ್ನು ಮರೆತೇಬಿಡಿ.

ಹಿಡಿತ ಇಲ್ಲದ ಕೈಗೆ

ಕುತ್ತಿಗೆ ಹತ್ತಿರ ಬೆನ್ನುಹುರಿಗೆ ಪೆಟ್ಟಾದವರ ಲೆಕ್ಕ ಬೇರೆ. ಬೆರಳು ಮಡಚಲು ಬರುವುದಿಲ್ಲ, ಅಂಗೈ ಬುಡವನ್ನು ರಿಮ್ಮಿಗೆ ಒತ್ತಿ ತಳ್ಳುತ್ತಾರೆ. ಇವರಿಗೆ ಮಾತ್ರ ರಬ್ಬರ್ ಅಂಗೈ ಬೇಕು, ಅದೂ ಮಣಿಕಟ್ಟಿನ ಹತ್ತಿರದವರೆಗೆ. ಇಳಿಜಾರಿನಲ್ಲಿ ಯಾರಾದರೂ ಹಿಂದೆ ಹಿಡಿದುಕೊಳ್ಳಲಿ. ಗ್ಲೌಸನ್ನು ಮಣಿಕಟ್ಟಿಗೆ ಬಿಗಿಯುವ ಪಟ್ಟಿಯ ತುದಿಗೆ ಹೆಬ್ಬೆರಳು ತೂರುವಷ್ಟು ದೊಡ್ಡ ಕುಣಿಕೆ ಇರಬೇಕು. ಇಲ್ಲದಿದ್ದರೆ ದರ್ಜಿ ಹತ್ತಿರ ಹೊಲಿಸಿ. ಗ್ಲೌಸ್ ಹಾಕಿಸಲು, ಬಿಚ್ಚಿಸಲು ದಿನಾ ಅಮ್ಮನನ್ನೋ ಹೆಂಡತಿಯನ್ನೋ ಕರೆಯಬೇಕಾದರೆ ಬೇಗ ಬೇಸರ ಬಂದು ಅದು ಮೂಲೆ ಸೇರುತ್ತದೆ. ದಾವಣಗೆರೆಯಲ್ಲಿ ಅಂಗವಿಕಲರಿಗಾಗಿಯೇ ಇರುವ ಸಿ.ಆರ್.ಸಿ. (ಕಾಂಪೋಸಿಟ್ ರೀಜನಲ್ ಸೆಂಟರ್) ಕೇಂದ್ರ ಇದೆ. ಈ ರೀತಿ ಕೈ ಇರುವವರು ಅಂಥ ಕಡೆ ಆಕ್ಯುಪೇಷನಲ್ ಥೆರಪಿಸ್ಟ್‌ಗೆ (ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ತಜ್ಞರಿಗೆ) ಒಮ್ಮೆ ಕೈ ತೋರಿಸಿಯೇ ಕೊಳ್ಳುವುದು ಒಳ್ಳೆಯದು.

ಅಳತೆ

ಬಲಗೈ ಬಳಸುವವರು ಬಲಗೈ ಅಳೆಯಿರಿ. ದರ್ಜಿ ಟೇಪನ್ನು ಹೆಬ್ಬೆರಳು ಬಿಟ್ಟು, ಗೆಣ್ಣುಗಳ ಕೆಳಗೆ ಅಂಗೈ ಸುತ್ತ ಹಾಯಿಸಿ, ಕೈ ಅರ್ಧ ಮುಚ್ಚಿ. ಗ್ಲೌಸ್ ಮೇಲಿನ 7, 8, 9 ಅನ್ನುವ ಸಂಖ್ಯೆ ಹೆಚ್ಚುಕಡಿಮೆ ಈ ಇಂಚೇ. ಎಂ, ಎಲ್ ಅಂತ ಇದ್ದರೆ ನಂಬಬೇಡಿ, ಒಂದೊಂದು ಕಂಪನಿಗೆ ಒಂದೊಂದು.

ಅಂಗಡಿಯಲ್ಲಿ ಚೇರ್ ಮೇಲೇ ನೋಡಿ

ಮೆಡಿಕಲ್ ಶಾಪಲ್ಲಿ ಹುಡುಕಬೇಡಿ, ಅಲ್ಲಿ ಸಿಗುವುದು ಆಪರೇಷನ್ ಗ್ಲೌಸ್. ಸ್ಪೋರ್ಟ್ಸ್ ಅಂಗಡಿ, ಸೈಕಲ್ ಅಂಗಡಿಗೆ ಹೋಗಿ. ಸೈಕಲ್ ಓಡಿಸುವವರ ಅರ್ಧ ಬೆರಳಿನ ಗ್ಲೌಸ್ ನಮ್ಮ ಕೆಲಸಕ್ಕೆ ಹತ್ತಿರ. ಜಿಮ್ ಗ್ಲೌಸ್ ಕೂಡ ಆಗುತ್ತದೆ, ಆದರೆ ಹೆಬ್ಬೆರಳ ಸಂದಿನಲ್ಲಿ ಬರೀ ಬಟ್ಟೆ ಇರುತ್ತದೆ, ನೋಡಿಕೊಳ್ಳಿ. ಗೆಣ್ಣಿನ ಮೇಲೆ ಗಟ್ಟಿ ಪ್ಲಾಸ್ಟಿಕ್ ಇರುವ ಬೈಕ್ ಗ್ಲೌಸ್ ಬೇಡವೇ ಬೇಡ. ಅದು ದಪ್ಪ, ರಿಮ್ ಕೈಗೆ ಗೊತ್ತೇ ಆಗುವುದಿಲ್ಲ, ಇನ್ನೂ ಜೋರಾಗಿ ಹಿಡಿಯಬೇಕಾಗುತ್ತದೆ. ಹತ್ತಿ ಗ್ಲೌಸ್ ಸ್ಟೀಲ್ ಮೇಲೆ ನಿಲ್ಲುವುದಿಲ್ಲ.

ನಮ್ಮ ಪೇಟೆಯ ಅಂಗಡಿಗಳಿಗೆ ಮೆಟ್ಟಿಲು ಜಾಸ್ತಿ. ಒಳಗೆ ಹೋಗಲಾಗದಿದ್ದರೆ ಸಂಕೋಚ ಪಡಬೇಡಿ. ‘ಅಣ್ಣ, ಎರಡು ಸೈಜು ಹೊರಗೆ ತಗಂಬರ್ರಿ, ಚೇರ್ ತಳ್ಳಿ ನೋಡ್ತೀನಿ’ ಅನ್ನಿ. ತರುತ್ತಾರೆ.

ಹಾಕುವ ಮುಂಚೆ ಗ್ಲೌಸ್ ಒಳಗೆ ಬೆರಳಾಡಿಸಿ. ಅಂಗೈ ಬುಡದಲ್ಲಿ, ಹೆಬ್ಬೆರಳ ಸಂದಿನಲ್ಲಿ ಉಬ್ಬಿದ ಹೊಲಿಗೆ ಸಿಕ್ಕರೆ ವಾಪಸ್ ಕೊಡಿ. ಸೀಮೆಸುಣ್ಣದ ಗುರುತು ಬಿದ್ದ ಜಾಗ ನೆನಪಿದೆ ಅಲ್ವಾ, ಅಲ್ಲಿ ಹೊಲಿಗೆ ಇರಲೇಬಾರದು. ಈಗ ಚರ್ಮವಾ ರೆಕ್ಸಿನ್ನಾ ನೋಡಿ. ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ರೆಕ್ಸಿನ್ ಆದರೆ ಮೇಲೊಂದು ತೆಳು ಪದರ, ಕೆಳಗೆ ಬಟ್ಟೆ, ಎರಡೂ ಬೇರೆ ಬೇರೆ ಕಾಣುತ್ತವೆ. ಚರ್ಮದಲ್ಲಿ ಎಳೆ ಎಳೆಯಾಗಿ ಒಂದೇ ಸಮ ಇರುತ್ತದೆ. ಬಿಸಿಲಿಗೆ, ತಿಕ್ಕಾಟಕ್ಕೆ ರೆಕ್ಸಿನ್ ಸಿಪ್ಪೆ ಏಳುತ್ತದೆ. ಅಗ್ಗ ಅಂತ ಕೊಂಡರೆ ಮತ್ತೆ ಮತ್ತೆ ಕೊಳ್ಳುತ್ತಲೇ ಇರಬೇಕು.

ಹಾಕಿಕೊಂಡು ಮುಷ್ಟಿ ಕಟ್ಟಿ. ಅಂಗೈಯಲ್ಲಿ ಮಡಿಕೆ ಬಿದ್ದರೆ ಸೈಜು ದೊಡ್ಡದು, ಆ ಮಡಿಕೆಯೇ ನಾಳೆ ಬೊಬ್ಬೆ. ಹೆಬ್ಬೆರಳನ್ನು ಪೂರ್ತಿ ಅಗಲಿಸಿ. ಸಂದಿನಲ್ಲಿ ಬಿಗಿದರೆ ಚಿಕ್ಕದು. ಆಮೇಲೆ ಚೇರ್ ತಳ್ಳಿ, ತಡೆಯಿರಿ, ನಿಂತಲ್ಲೇ ಒಂದು ಸುತ್ತು ತಿರುಗಿ. ಗ್ಲೌಸ್ ಕೈ ಮೇಲೆ ತಿರುಚಿಕೊಳ್ಳಬಾರದು. ಲಾಕ್ ಹಾಕಿ, ಕೈಯೂರಿ ಮೈ ಎತ್ತಿ ನೋಡಿ, ಕೂತಲ್ಲಿ ಹುಣ್ಣಾಗದಿರಲು ನಾವು ದಿನಾ ಮಾಡುವ ಹಾಗೆ. ಆಗ ಅಂಗೈ ಬುಡಕ್ಕೆ ಏನಾದರೂ ಚುಚ್ಚಿದರೆ ಆ ಜೊತೆ ಬೇಡ. ಕೊನೆಗೆ ಯಾರ ಸಹಾಯವೂ ಇಲ್ಲದೆ ಬಿಚ್ಚಿ ನೋಡಿ. ಬೆರಳುಗಳ ನಡುವೆ ಎಳೆಯಲು ಸಣ್ಣ ಪಟ್ಟಿ ಇರುವ ಗ್ಲೌಸ್ ಸಿಕ್ಕರೆ ಅದನ್ನೇ ತಗೊಳ್ಳಿ. ಬೆವರಿದ ಕೈಯಿಂದ ಬಿಚ್ಚುವುದು ತುಂಬಾ ಕಷ್ಟ.

ಮಣಿಕಟ್ಟಿನ ಪಟ್ಟಿ ಬಗ್ಗೆ ಎರಡು ಮಾತು ಹೇಳಲೇಬೇಕು. ಮಣಿಕಟ್ಟಿನ ಒಳಗೆ ಇಕ್ಕಟ್ಟಾದ ದಾರಿಯಲ್ಲಿ ನರವೊಂದು ಬೆರಳುಗಳಿಗೆ ಹೋಗುತ್ತದೆ. ಕಾರ್ಪಲ್ ಟನಲ್ ಅನ್ನುವುದು ಆ ದಾರಿಗೇ. ಚೇರ್ ತಳ್ಳುವವರಲ್ಲಿ ಅಲ್ಲಿ ನರ ಒತ್ತಿಹೋಗುವುದು ಜಾಸ್ತಿ. ಪಟ್ಟಿ ಬಿಗಿ ಎಳೆದು ಕಟ್ಟಿದರೆ ಇನ್ನಷ್ಟು ಒತ್ತುತ್ತೀರಿ. ಪಟ್ಟಿ ಕೆಳಗೆ ಕಿರುಬೆರಳು ತೂರುವಷ್ಟು ಜಾಗ ಬಿಡಿ. ಅಂಗೈಗೆ ದಪ್ಪ ಜೆಲ್ ತುಂಬಿದ ಗ್ಲೌಸ್ ಮೆತ್ತಗಿದೆ ಅಂತ ಕೊಳ್ಳಬೇಡಿ, ತೆಳು ಪದರ ಸಾಕು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಹಿಡಿದು ಎಚ್ಚರ ಆಗುತ್ತಿದ್ದರೆ ಗ್ಲೌಸ್ ಬದಲಾಯಿಸುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಕೂರುವ ಎತ್ತರವನ್ನೂ ಪರೀಕ್ಷೆ ಮಾಡಿಸಿ. ಕೈಯನ್ನು ರಿಮ್ಮಿನ ಎಲ್ಲಕ್ಕಿಂತ ಮೇಲಿನ ಭಾಗದಲ್ಲಿ ಇಟ್ಟಾಗ ಮೊಣಕೈಯಲ್ಲಿ ಮೇಲ್ತೋಳು, ಕೆಳತೋಳಿನ ನಡುವಿನ ಕೋನ 100ರಿಂದ 120 ಡಿಗ್ರಿ ಇರಬೇಕು. ಚೇರೇ ನಿಮ್ಮ ಅಳತೆಗೆ ಇಲ್ಲದಿದ್ದರೆ ಎಂಥ ಗ್ಲೌಸ್ ಹಾಕಿದರೂ ಕೈ ನೋಯುತ್ತದೆ. ತಳ್ಳುವಾಗ ಚಿಕ್ಕ ಚಿಕ್ಕದಾಗಿ ಬಡಿಯುವ ಬದಲು ಉದ್ದಕ್ಕೆ, ನಿಧಾನಕ್ಕೆ ತಳ್ಳಿ, ಕೈಯನ್ನು ಕೆಳಗೆ ಇಳಿಬಿಟ್ಟು ಹಿಂದಕ್ಕೆ ತನ್ನಿ.

ಹೆಣ್ಣುಮಕ್ಕಳು ಗಾಜಿನ ಬಳೆ ಹಾಕುತ್ತಿದ್ದರೆ ಮಣಿಕಟ್ಟು ತಲುಪುವ ಮುಂಚೆಯೇ ಮುಗಿಯುವ ಗಿಡ್ಡ ಗ್ಲೌಸ್ ಆರಿಸಿ. ಉಂಗುರ ಮಾತ್ರ ತೆಗೆದಿಡಿ. ಸಡಿಲ ಪಟ್ಟಿ, ಜೋತಾಡುವ ದಾರ, ಉದ್ದ ತೋಳು, ಇವೆಲ್ಲ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತವೆ. ಒಂದೇ ಕೈಯಲ್ಲಿ ತಳ್ಳುವವರು ಇನ್ನೊಂದು ಗ್ಲೌಸನ್ನು ಎಸೆಯಬೇಡಿ. ಎದುರು ಕೈ ಬಳಸುವವರು ಸಿಕ್ಕರೆ ಒಂದು ಜೊತೆಯಲ್ಲಿ ಇಬ್ಬರಿಗೂ ಆಗುತ್ತದೆ.

ಕೊಂಡ ಮೇಲೆ

ಬೇಸಿಗೆಗೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಊಟಕ್ಕೆ ಮುಂಚೆ ಬಿಚ್ಚಿ ಕೈ ತೊಳೆಯಿರಿ. ಬೆರಳ ತುದಿ ಹೊರಗಿದೆ ಅಂತ ಗ್ಲೌಸ್ ಸಮೇತ ದೋಸೆ ತಿನ್ನುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಚರ್ಮದ ಗ್ಲೌಸನ್ನು ನೆನೆಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಹಪ್ಪಳದಷ್ಟು ಗಟ್ಟಿಯಾಗುತ್ತದೆ. ವೆಲ್ಕ್ರೋ ಹಿಡಿಯುತ್ತಿಲ್ಲವಾದರೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಅದರ ನೂಲು, ಕೂದಲು ತೆಗೆಯಿರಿ. ಸ್ಪರ್ಶ ಇಲ್ಲದವರು ದಿನಾ ರಾತ್ರಿ ಅಂಗೈ, ಸಂದು ಎರಡನ್ನೂ ಬೆಳಕಲ್ಲಿ ನೋಡಿಕೊಳ್ಳಿ.

ರಸ್ತೆ ಅಂಚಿನ ಕಡೆಗೆ ಇಳಿಜಾರು ಇರುವುದರಿಂದ ಒಂದು ಕೈಗೆ ಕೆಲಸ ಜಾಸ್ತಿ, ಎರಡು ಗ್ಲೌಸ್ ಸಮನಾಗಿ ಸವೆಯುವುದಿಲ್ಲ. ಹೆಬ್ಬೆರಳ ಸಂದು ತೆಳ್ಳಗಾಗಿ ಬೆಳಕು ಕಾಣುವ ಮುಂಚೆಯೇ ಚಪ್ಪಲಿ ಹೊಲಿಯುವವರ ಹತ್ತಿರ ಕೊಟ್ಟು ಒಂದು ತುಂಡು ಮೆತ್ತನೆ ಚರ್ಮ ಹಾಕಿಸಿ. ತುಂಡನ್ನು ಹೊರಗಿನಿಂದ ಇಟ್ಟು, ಗಂಟು ಹೊರಗೇ ಬರುವ ಹಾಗೆ ಹೊಲಿಯಲು ಮೊದಲೇ ಹೇಳಿ.