ಶೀಟಿನ ಮೇಲೆ ಮಳೆ ಬಿದ್ದಾಗ ಕಲಿತ ಕೋಚಿಂಗ್

ಜುಲೈ ತಿಂಗಳ ಒಂದು ಸಂಜೆ. ನಮ್ಮ ಕಾಲೇಜಿನ ಇಂಡೋರ್ ಹಾಲ್‌ಗೆ ಇರುವುದು ಶೀಟಿನ ಮಾಡು. ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 100 ಇಂಚು ಮಳೆ ದಾಟುವುದು ದೊಡ್ಡ ಸುದ್ದಿಯೇ ಅಲ್ಲ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಆ ದಿನವೂ ಗೋಣಿಚೀಲದಿಂದ ನೆಲ ಒರೆಸಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪ್ರಾಕ್ಟೀಸ್ ಶುರು ಮಾಡಿದ್ದೆವು. ಅರ್ಧ ಗಂಟೆಯಲ್ಲಿ ಮಳೆ ಜೋರಾಯಿತು.

ನಾನು ಸೈಡ್‌ಲೈನ್‌ನಲ್ಲಿ ನಿಂತು ಕೂಗುತ್ತಿದ್ದೆ. "ಹಿಂದೆ ನೋಡೇ, ಕಟ್ ಮಾಡ್ತಿದ್ದಾಳೆ!" ಯಾರಿಗೂ ಕೇಳಿಸಲಿಲ್ಲ. ವಿಸಿಲ್ ಊದಿದೆ. ಅದೂ ಶೀಟಿನ ಸದ್ದಿನಲ್ಲಿ ಮುಳುಗಿಹೋಯಿತು. ಎದುರು ತಂಡದ ಹುಡುಗಿ ಬೇಸ್‌ಲೈನ್ ಪಕ್ಕದಿಂದ ನುಸುಳಿ ಆರಾಮಾಗಿ ಲೇಅಪ್ ಹಾಕಿದಳು, ಅಂದರೆ ಬುಟ್ಟಿಯ ಹತ್ತಿರ ಹೋಗಿ ಹಾರಿ ಬಾಲ್ ಒಳಗೆ ಹಾಕಿದಳು. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಜಾಗ, ಅದೇ ಲೇಅಪ್. ಮೂರನೇ ಸಲ ನಾನು ಕೂಗುವುದು ಬಿಟ್ಟು ಸುಮ್ನೆ ನಿಂತು ನೋಡಿದೆ. ಕೋರ್ಟಿನಲ್ಲಿದ್ದ ಹತ್ತು ಹುಡುಗಿಯರಲ್ಲಿ ಒಬ್ಬಳ ತುಟಿಯೂ ಅಲುಗುತ್ತಿರಲಿಲ್ಲ.

ಆಗ ನಾನು ಕೋಚ್ ಆಗಿ ಆರು ವರ್ಷ ಕಳೆದಿತ್ತು. ಆರು ವರ್ಷ ಅವರ ಪರವಾಗಿ ನಾನೊಬ್ಬಳೇ ಮಾತಾಡುತ್ತಾ ಬಂದಿದ್ದೆ. ನನ್ನ ದನಿ ನಿಂತ ಕೂಡಲೇ ತಂಡವೂ ನಿಂತುಹೋಯಿತು.

ಬ್ಯಾಸ್ಕೆಟ್‌ಬಾಲ್ ಆಡದವರಿಗೆ ಇದು ಯಾಕೆ ಅಷ್ಟು ಮುಖ್ಯ ಅಂತ ಹೇಳಬೇಕು. ಬಾಲ್ ಹಿಡಿದವಳನ್ನು ಕಾಯುವ ಹುಡುಗಿಯ ಕಣ್ಣು ಬಾಲ್ ಮೇಲೇ ಇರುತ್ತದೆ. ಅವಳ ಬೆನ್ನ ಹಿಂದೆ ಯಾರು ಬಂದು ಗೋಡೆ ಹಾಗೆ ನಿಂತರು ಅಂತ ಅವಳಿಗೆ ಕಾಣುವುದಿಲ್ಲ. ಅದಕ್ಕೆ ಸ್ಕ್ರೀನ್ ಅನ್ನುತ್ತೇವೆ. ಅದು ಕಾಣುವುದು ಅವಳ ಜೊತೆಗಾರ್ತಿಗೆ. "ಸ್ಕ್ರೀನ್ ಎಡ!" ಅಂತ ಅವಳು ಒಂದು ಮಾತು ಹೇಳಿದರೆ ಸಾಕು, ಇವಳು ತಪ್ಪಿಸಿಕೊಂಡು ಹೋಗುತ್ತಾಳೆ. ಹೇಳದಿದ್ದರೆ ಭುಜಕ್ಕೆ ಡಿಕ್ಕಿ ಹೊಡೆದು ನಿಲ್ಲುತ್ತಾಳೆ. ಕೋರ್ಟಿನ ಉದ್ದ 28 ಮೀಟರ್, ಅಗಲ 15 ಮೀಟರ್. ಒಂದು ತಂಡಕ್ಕೆ ಶಾಟ್ ಹಾಕಲು 24 ಸೆಕೆಂಡ್ ಮಾತ್ರ. ಬೆಂಚಿನಿಂದ ನಾನು ನೋಡಿ, ಕೂಗಿ, ಅದು ಅವಳ ಕಿವಿಗೆ ಬಿದ್ದು, ಅವಳು ತಿರುಗುವ ಹೊತ್ತಿಗೆ ಬಾಲ್ ಬುಟ್ಟಿಯೊಳಗೆ ಇರುತ್ತದೆ. ಮಳೆ ಇಲ್ಲದ ದಿನವೂ ಅಷ್ಟೇ.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ದನಿ ಇಲ್ಲ ಅಂತ ಯಾರೂ ಹೇಳಬಾರದು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಹೋಗಿ ನೋಡಿ. ಗ್ಯಾಲರಿಯಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಕೂಗುವವರೇ. ಅದೇ ಮೊಮ್ಮಗಳು ಕಾಲೇಜಿನ ಕೋರ್ಟಿಗೆ ಇಳಿದರೆ ಬಾಯಿ ಮುಚ್ಚಿಕೊಳ್ಳುತ್ತಾಳೆ. ಯಾಕೆ ಅಂತ ಯೋಚನೆ ಮಾಡಿದೆ. ಕೂಗುವವಳು ನಾನಿದ್ದೇನೆ. ತಪ್ಪು ಹೇಳಿದರೆ ಬೈಯುವವಳೂ ನಾನೇ. ಅಂಥ ಕಡೆ ಬಾಯಿ ಬಿಡುವುದಕ್ಕಿಂತ ಮುಚ್ಚಿಕೊಂಡಿರುವುದೇ ಕ್ಷೇಮ ಅಲ್ವಾ?

ಇದರ ಪೂರ್ತಿ ಬೆಲೆ ಎಷ್ಟು ಅಂತ ಗೊತ್ತಾಗಿದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ನಮ್ಮ ಒಂಬತ್ತನೇ ನಂಬರ್ ಹುಡುಗಿ ಒಂದು ರಿಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಬಾಲ್ ಹಿಡಿಯಲು, ಹಾರಿ ಇಳಿದವಳು ಮೊಣಕಾಲು ಹಿಡಿದು ಕೂತುಬಿಟ್ಟಳು. ಮೈಸೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆವು. ಎಸಿಎಲ್, ಅಂದರೆ ಮೊಣಕಾಲಿನ ಒಳಗಿನ ಒಂದು ಮುಖ್ಯ ಲಿಗಮೆಂಟ್, ಹರಿದಿತ್ತು. ಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಮೆನಿಸ್ಕಸ್‌ಗೂ ಪೆಟ್ಟಾಗಿತ್ತು. ಡಾಕ್ಟರ್ ಕೇಳಿದರು, "ಮೊದಲೇ ಏನಾದರೂ ಆಗಿತ್ತಾ?" ಅವಳು ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ಮೂರು ವಾರದ ಹಿಂದೆ ಒಮ್ಮೆ ಕಾಲು ತಿರುಚಿತ್ತಂತೆ. ಆಮೇಲೆ ಮೆಟ್ಟಿಲು ಇಳಿಯುವಾಗ ಮೊಣಕಾಲು ಜಾರಿದ ಹಾಗೆ ಆಗುತ್ತಿತ್ತಂತೆ. ಲಿಗಮೆಂಟ್ ಹರಿದ ಕಾಲಿನಲ್ಲಿ ಆಡುತ್ತಲೇ ಇದ್ದರೆ ಒಳಗಿನ ಮೆನಿಸ್ಕಸ್ ಕೂಡ ಕೆಡುತ್ತದೆ. ಬಹುಶಃ ಇವಳಿಗೆ ಆಗಿದ್ದೂ ಅದೇ ಅಂತ ಡಾಕ್ಟರ್ ಹೇಳಿದರು.

"ಯಾಕಮ್ಮಾ ಹೇಳಲಿಲ್ಲ?" ಅಂದೆ.

"ನೀವು ನೆಪ ಹೇಳ್ತೀಯಾ ಅಂತ ಬೈತೀರ ಅಂದ್ಕೊಂಡೆ ಮ್ಯಾಮ್."

ಹಿಂದಿನ ವಾರ ಬೇರೊಬ್ಬಳಿಗೆ ನಾನು ಬೈದಿದ್ದು ಅದೇ ಮಾತಿನಲ್ಲಿ. ಇವಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಆ ತಪ್ಪು ನನ್ನದೇ. ಮೈಸೂರಿನಿಂದ ವಾಪಸ್ ಬರುವ ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಕುಶಾಲನಗರ ದಾಟಿ ಘಾಟಿ ಹತ್ತುವಾಗ ನಿರ್ಧಾರ ಮಾಡಿದೆ. ಈ ತಂಡದಲ್ಲಿ ಹುಡುಗಿಯರು ಮಾತಾಡಬೇಕು. ಕೋರ್ಟಿನಲ್ಲಿ ಒಬ್ಬರಿಗೊಬ್ಬರು, ಹೊರಗೆ ನನ್ನ ಹತ್ತಿರ. ಅದಾಗದಿದ್ದರೆ ನಾನು ಎಷ್ಟು ಗೆಲ್ಲಿಸಿದರೂ ಒಳ್ಳೆಯ ಕೋಚ್ ಅಲ್ಲ.

ದೊಡ್ಡ ಕೋಚ್ ಅಂದಾಗ ನಾವು ಮೊದಲು ಎಣಿಸುವುದು ಟ್ರೋಫಿ. ಅಮೆರಿಕದ ಪ್ಯಾಟ್ ಸಮ್ಮಿಟ್ ಅವರನ್ನೇ ನೋಡಿ. 1974ರಲ್ಲಿ, 22ನೇ ವಯಸ್ಸಿಗೆ, ಟೆನೆಸ್ಸೀ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಕೋಚ್ ಆದರು. ಆಗ ತಂಡದ ವ್ಯಾನ್ ಓಡಿಸುತ್ತಿದ್ದವರೂ ಅವರೇ, ಜೆರ್ಸಿ ಒಗೆಯುತ್ತಿದ್ದವರೂ ಅವರೇ. 38 ಸೀಸನ್, 1098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ಅವರ ನೋಟಕ್ಕೇ ಆಟಗಾರ್ತಿಯರು ಹೆದರುತ್ತಿದ್ದರು ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ನನಗೆ ಉಪಯೋಗಕ್ಕೆ ಬಂದದ್ದು ಅವರ ಒಂದು ಸಣ್ಣ ಪದ್ಧತಿ. ಕೋಚ್ ಹೊಗಳಿದರೆ ಆಟಗಾರ್ತಿ "ಟು ಪಾಯಿಂಟ್ಸ್" ಅನ್ನಬೇಕು. ತಪ್ಪು ತಿದ್ದಿದರೆ "ರಿಬೌಂಡ್" ಅನ್ನಬೇಕು. ತಪ್ಪು ಹೇಳಿಸಿಕೊಂಡವಳು ತಲೆ ತಗ್ಗಿಸಿ ನಿಲ್ಲುವ ಬದಲು ಒಂದು ಮಾತಾಡಿ ಮುಂದಿನ ಬಾಲ್‌ಗೆ ಹೋಗುತ್ತಾಳೆ. ಅಷ್ಟು ಕಟ್ಟುನಿಟ್ಟಿನ ಕೋಚ್ ಕೂಡ ಹುಡುಗಿಯ ಬಾಯಿಂದ ಉತ್ತರ ಬರಲೇಬೇಕು ಅಂತ ವ್ಯವಸ್ಥೆ ಮಾಡಿದ್ದರಲ್ಲ, ಅದು ನನ್ನ ಮನಸ್ಸಿನಲ್ಲಿ ನಿಂತಿತು. ಇನ್ನೊಂದು ವಿಷಯ. ಅವರ ಕೈಯಲ್ಲಿ ಪೂರ್ತಿ ಅವಧಿ ಆಡಿದ ಎಲ್ಲ ಆಟಗಾರ್ತಿಯರೂ ಡಿಗ್ರಿ ಮುಗಿಸಿದರು. 1098ಕ್ಕಿಂತ ಈ ದಾಖಲೆ ನನಗೆ ದೊಡ್ಡದು.

ನಾವು ಮಾಡಿದ ಮೊದಲ ಕೆಲಸ ಶೆಲ್ ಡ್ರಿಲ್‌ನ ಲೆಕ್ಕ ಬದಲಿಸಿದ್ದು. ನಾಲ್ವರು ಹೊರಗೆ ನಿಂತು ಬಾಲ್ ಪಾಸ್ ಮಾಡುತ್ತಾರೆ, ನಾಲ್ವರು ಕಾಯುತ್ತಾರೆ. ಬಾಲ್ ಮೇಲಿರುವವಳು "ಬಾಲ್ ಬಾಲ್" ಅನ್ನಬೇಕು. ಒಂದು ಪಾಸ್ ದೂರ ಇರುವವಳು "ಡಿನೈ", ಅಂದರೆ ಪಾಸ್ ಬರಲು ಬಿಡುವುದಿಲ್ಲ ಅಂತ. ಎರಡು ಪಾಸ್ ದೂರದವಳು "ಹೆಲ್ಪ್". ಎಲ್ಲ ಕಡೆ ಮಾಡಿಸುವ ಡ್ರಿಲ್ ಇದು, ನಾನೂ ಮೊದಲಿನಿಂದ ಮಾಡಿಸುತ್ತಿದ್ದೆ. ಈಗ ಒಂದು ನಿಯಮ ಸೇರಿಸಿದೆ. ನಾಲ್ಕು ದನಿ ಕೇಳಿಸದಿದ್ದರೆ, ಬಾಲ್ ಕಿತ್ತುಕೊಂಡರೂ ಲೆಕ್ಕಕ್ಕಿಲ್ಲ. ಮೊದಲ ದಿನ ಇಪ್ಪತ್ತು ನಿಮಿಷದಲ್ಲಿ ಒಂದೂ ಲೆಕ್ಕಕ್ಕೆ ಸಿಗಲಿಲ್ಲ. ಕೆಲವರಿಗೆ ಕಣ್ಣಲ್ಲಿ ನೀರು ಬಂತು. ನಾನು ಬೈಯಲಿಲ್ಲ, ನಿಲ್ಲಿಸಲೂ ಇಲ್ಲ.

ಎರಡನೇ ತೊಂದರೆ ನಾನು ಊಹಿಸಿರಲಿಲ್ಲ. ಜೂನಿಯರ್ ಹುಡುಗಿ ಗಟ್ಟಿಯಾಗಿ "ಅಕ್ಕಾ!" ಅಂತ ಕೂಗಿದಳು. ಮೂವರು ಸೀನಿಯರ್‌ಗಳು ಒಟ್ಟಿಗೆ ತಿರುಗಿದರು. ಬಾಲ್ ನಡುವೆ ಬಿದ್ದು ಹೊರಗೆ ಹೋಯಿತು. ಸೀನಿಯರ್‌ಗಳನ್ನು ಹೆಸರು ಹಿಡಿದು ಕರೆಯಲು ಇವರಿಗೆ ನಾಲಿಗೆ ಏಳುವುದಿಲ್ಲ, ಮನೆಯಲ್ಲಿ ಬೆಳೆಸಿದ ರೀತಿ ಅದು. ಸೀನಿಯರ್‌ಗಳನ್ನೇ ಕೂರಿಸಿ ಕೇಳಿದೆ. ಅವರೇ ಪರಿಹಾರ ಹೇಳಿದರು. ಕೋರ್ಟಿನ ಗೆರೆಯೊಳಗೆ ಎಲ್ಲರಿಗೂ ಎರಡಕ್ಷರದ ಹೆಸರು, ಗೆರೆ ದಾಟಿದ ಮೇಲೆ ಮತ್ತೆ ಅಕ್ಕ. ಆ ಹೆಸರುಗಳನ್ನು ಅವರೇ ಇಟ್ಟುಕೊಂಡರು.

ಭಾಷೆಯದೂ ಒಂದು ಮಾತಿದೆ. ನಮ್ಮ ಹನ್ನೆರಡು ಜನರಲ್ಲಿ ಕೊಡವ ತಕ್ಕ್ ಮಾತಾಡುವವರು, ಅರೆಭಾಷೆಯವರು, ಮಲಯಾಳ, ತುಳು, ಬ್ಯಾರಿ ಮನೆಮಾತಿನವರು ಎಲ್ಲ ಇದ್ದರು. ಗಡಿಬಿಡಿಯಲ್ಲಿ ಬಾಯಿಗೆ ಬರುವುದು ಮನೆಯ ಭಾಷೆ. ಅದು ಪಕ್ಕದವಳಿಗೆ ಅರ್ಥವಾಗದಿದ್ದರೆ ಕೂಗಿಯೂ ಪ್ರಯೋಜನವಿಲ್ಲ. ಹಾಗಾಗಿ ಒಂಬತ್ತು ಪದ ಆರಿಸಿ ಬೋರ್ಡಿನಲ್ಲಿ ಬರೆದೆವು. ಎಡ, ಬಲ, ಬಾಲ್, ಹೆಲ್ಪ್, ಸ್ವಿಚ್, ಶಾಟ್, ಹೀಗೆ. ಎಲ್ಲವೂ ಒಂದೇ ಉಸಿರಿಗೆ ಬರುವಂಥವು. ಅಷ್ಟು ಕೋರ್ಟಿನ ಭಾಷೆ. ಉಳಿದ ಹರಟೆಗೆ ಯಾವ ಭಾಷೆಯಾದರೂ ಸರಿ.

ಹೊರಗಿನ ಮಾತು ಇದಕ್ಕಿಂತ ಕಷ್ಟ. ಬಾಯಿಂದ ಹೇಳಲಾಗದ್ದನ್ನು ಬರೆಯಬಹುದು ಅಂತ ಬಾಲ್ ಇಡುವ ಕಪಾಟಿನಲ್ಲಿ ಒಬ್ಬೊಬ್ಬರಿಗೂ ಒಂದು ಪುಸ್ತಕ ಇಟ್ಟೆ. ನಿನ್ನೆ ಎಷ್ಟು ಗಂಟೆ ನಿದ್ದೆ, ಎಲ್ಲಾದರೂ ನೋವಿದೆಯಾ, ಬೆಳಿಗ್ಗೆ ಏನು ತಿಂದೆ, ಮುಟ್ಟಿನ ದಿನವಾ. ಓದುವವಳು ನಾನೊಬ್ಬಳೇ. ಮೊದಲ ತಿಂಗಳು ಎಲ್ಲರೂ "ಏನಿಲ್ಲ" ಅಂತ ಬರೆದರು. ಒಬ್ಬಳು ಒಂದು ದಿನ "ಪಾದ ನೋವು" ಅಂತ ಬರೆದಳು. ನಾನು ಅವಳನ್ನು ಕೂರಿಸಿ, ಐಸ್ ಇಟ್ಟು, ಎರಡು ದಿನ ಓಡಿಸಲಿಲ್ಲ. ಆಟದಿಂದ ತೆಗೆಯಲೂ ಇಲ್ಲ. ಉಳಿದವರು ಅದನ್ನು ನೋಡುತ್ತಿದ್ದರು. ಆಮೇಲೆ ಪುಸ್ತಕ ತುಂಬತೊಡಗಿತು. ಹಾಗೆ ತುಂಬಿದ್ದರಲ್ಲಿ "ತಲೆ ಸುತ್ತು", "ಮೆಟ್ಟಿಲು ಹತ್ತಿದರೆ ಉಬ್ಬಸ" ಅನ್ನುವುದು ಜಾಸ್ತಿ ಕಂಡಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಜನರಿಗೆ ರಕ್ತಹೀನತೆ ಇತ್ತು. ನಮ್ಮವರ ರಕ್ತ ಪರೀಕ್ಷೆ ಮಾಡಿಸಿದಾಗ ನಾಲ್ವರಿಗೆ ಹಿಮೋಗ್ಲೋಬಿನ್ ಕಡಿಮೆ ಇತ್ತು. ಅವರನ್ನೇ ನಾನು ಹಿಂದೆ "ಸೋಮಾರಿ" ಅಂತ ಕರೆದಿದ್ದೆ.

ಇಳಿಯುವುದನ್ನು ಕಲಿಸತೊಡಗಿದ್ದು ಒಂಬತ್ತನೇ ನಂಬರ್‌ಗಾಗಿ. ಹಾರಿ ಇಳಿಯುವ ಆಟಗಳಲ್ಲಿ ಹುಡುಗಿಯರಿಗೆ ಎಸಿಎಲ್ ಪೆಟ್ಟು ಹುಡುಗರಿಗಿಂತ ಹಲವು ಪಟ್ಟು ಹೆಚ್ಚು. ಮೊಣಕಾಲು ಒಳಕ್ಕೆ ಬಾಗಿ ಇಳಿಯುವುದು ಅದಕ್ಕೆ ಒಂದು ದೊಡ್ಡ ಕಾರಣ. ಈಗ ಪ್ರತಿ ದಿನ ಹದಿನೈದು ನಿಮಿಷ ಅದಕ್ಕೇ ಮೀಸಲು. ಸಣ್ಣ ಬೆಂಚಿನಿಂದ ಜಿಗಿಯಬೇಕು. ಮೊಣಕಾಲು ಪಾದದ ನೇರಕ್ಕೆ ಇರಬೇಕು, ಸೊಂಟ ಹಿಂದಕ್ಕೆ ಹೋಗಬೇಕು, ನೆಲಕ್ಕೆ ತಾಗಿದ ಸದ್ದು ಬರಬಾರದು. ಕಾಲು ಸದ್ದು ಮಾಡಬಾರದು, ಬಾಯಿ ಮಾಡಬೇಕು ಅಂತ ಹುಡುಗಿಯರೇ ಒಂದು ಮಾತು ಮಾಡಿಕೊಂಡಿದ್ದಾರೆ.

ಪ್ರಾಕ್ಟೀಸ್ ಸಮಯವನ್ನೂ ಪುಸ್ತಕ ನೋಡಿಯೇ ಬದಲಿಸಿದೆ. ಸಿದ್ದಾಪುರ ಕಡೆಯ ಹುಡುಗಿಯೊಬ್ಬಳು "ನಿದ್ದೆ ಇಲ್ಲ, ಸಂಜೆ ದಾರಿಯಲ್ಲಿ ಆನೆ" ಅಂತ ಬರೆದಿದ್ದಳು. ಬಸ್ ಇಳಿದು ತೋಟದ ನಡುವೆ ಒಂದೂವರೆ ಕಿಲೋಮೀಟರ್ ನಡೆಯಬೇಕು. ಕತ್ತಲಾದರೆ ಅಪ್ಪ ಟಾರ್ಚ್ ಹಿಡಿದು ಬರಬೇಕು. ಈಗ ನಾವು ಬೆಳಿಗ್ಗೆ ಒಂದು ಗಂಟೆ, ಸಂಜೆ ಮುಕ್ಕಾಲು ಗಂಟೆ ಆಡುತ್ತೇವೆ. ನಾಲ್ಕೂವರೆಗೆ ಬಾಗಿಲು ಹಾಕುತ್ತೇವೆ. ಕಾಫಿ ಕೊಯ್ಲಿನ ದಿನಗಳಲ್ಲಿ ರಜೆ ಕೇಳಿದರೆ ಕೊಡುತ್ತೇನೆ, ಮೊದಲೇ ಹೇಳಿದರೆ ಸಾಕು.

ಮುಂದಿನ ವರ್ಷದ ಅಂತರ ಕಾಲೇಜು ಕ್ವಾರ್ಟರ್ ಫೈನಲ್. ಕೊನೆಯ ಮೂರು ನಿಮಿಷ, ಒಂದು ಅಂಕ ಹಿಂದಿದ್ದೆವು. ಎದುರು ತಂಡದ ಎತ್ತರದ ಹುಡುಗಿ ಬುಟ್ಟಿಯ ಹತ್ತಿರ ನಿಂತು ಹಾಕುತ್ತಲೇ ಇದ್ದಳು. ಟೈಮ್ ಔಟ್ ತೆಗೆದುಕೊಂಡೆ. ಸಿಗುವುದು ಒಂದೇ ನಿಮಿಷ. ಅದರಲ್ಲಿ ಮೊದಲ ಇಪ್ಪತ್ತು ಸೆಕೆಂಡ್ ಅವರದು, ನಾನು ಬಾಯಿ ತೆರೆಯುವುದಿಲ್ಲ. ಇದೂ ಆ ವರ್ಷ ಮಾಡಿಕೊಂಡ ನಿಯಮ. ಜೋನ್, ಅಂದರೆ ಒಬ್ಬೊಬ್ಬಳು ಎದುರಾಳಿಯನ್ನಲ್ಲ ಒಂದೊಂದು ಜಾಗವನ್ನು ಕಾಯುವ ಆಟ, ಆಡಿಸಬೇಕು ಅಂತ ನಾನು ಮನಸ್ಸಿನಲ್ಲಿ ತೀರ್ಮಾನ ಮಾಡಿಯಾಗಿತ್ತು. ಏಳನೇ ನಂಬರ್ ನೀರು ಕುಡಿಯುತ್ತಾ ಹೇಳಿದಳು. "ಮ್ಯಾಮ್, ಜೋನ್ ಮಾತ್ರ ಬೇಡ. ಅವರ ಹನ್ನೊಂದನೇ ನಂಬರ್ ಆಗಲೇ ದೂರದಿಂದ ಮೂರು ತ್ರೀ ಪಾಯಿಂಟರ್ ಹಾಕಿದ್ದಾಳೆ. ಇವಳು ಆ ಎತ್ತರದವಳ ಮುಂದೆ ನಿಂತ್ಕೊಳ್ಲಿ, ಮೇಲಿಂದ ಪಾಸ್ ಬಂದ್ರೆ ಹಿಂದಿನಿಂದ ನಾನು ಬರ್ತೀನಿ. ನನ್ನ ಜಾಗ ನೀನು ನೋಡ್ಕೋ." ಕೊನೆಯ ಮಾತು ಅವಳಿಗಿಂತ ಎರಡು ವರ್ಷ ದೊಡ್ಡವಳಿಗೆ ಹೇಳಿದ್ದು. ದೊಡ್ಡವಳು ತಲೆಯಾಡಿಸಿದಳು.

ನಾನು ಬೋರ್ಡ್ ಕೆಳಗಿಟ್ಟೆ. "ಹಾಗೇ ಮಾಡಿ" ಅಂದೆ.

ಎರಡು ಸಲ ಮೇಲಿಂದ ಪಾಸ್ ಬಂತು, ಎರಡು ಸಲವೂ ಏಳನೇ ನಂಬರ್ ಅಲ್ಲಿದ್ದಳು. ನಾಲ್ಕು ಅಂಕಗಳಿಂದ ಗೆದ್ದೆವು. ಸೆಮಿಫೈನಲ್‌ನಲ್ಲಿ ನಮಗಿಂತ ಚೆನ್ನಾಗಿ ಆಡಿದ ತಂಡಕ್ಕೆ ಸೋತೆವು.

ಒಂಬತ್ತನೇ ನಂಬರ್‌ಗೆ ಆಪರೇಷನ್ ಆಯಿತು. ಹನ್ನೊಂದು ತಿಂಗಳ ಮೇಲೆ ಕೋರ್ಟಿಗೆ ಬಂದಳು. ಮೊದಲಿನ ವೇಗ ಇಲ್ಲ, ಆದರೆ ದನಿ ಎಲ್ಲರಿಗಿಂತ ಗಟ್ಟಿ. ಹೊಸಬರಿಗೆ ಪುಸ್ತಕ ಬರೆಯಲು ಹೇಳಿಕೊಡುವವಳು ಈಗ ಅವಳೇ.

ಈ ಜೂನ್‌ನಲ್ಲಿ ಸೇರಿದವರಲ್ಲಿ ಸೋಮವಾರಪೇಟೆ ಕಡೆಯ ಒಬ್ಬಳಿದ್ದಾಳೆ. ಒಳ್ಳೆಯ ಕೈ. ಒಂದು ತಿಂಗಳು ಅವಳ ದನಿ ನಾನು ಕೇಳಿರಲಿಲ್ಲ. ಅವಳಿಗೆ ಗೆರೆಯ ಹೊರಗಿನಿಂದ ಬಾಲ್ ಕೊಡುವ ಕೆಲಸ ಒಪ್ಪಿಸಿದ್ದೇನೆ. ಬಾಲ್ ಕೈಗೆ ಬಂದ ಮೇಲೆ ಐದು ಸೆಕೆಂಡಿನೊಳಗೆ ಪಾಸ್ ಮಾಡಬೇಕು, ಯಾವ ನಂಬರಿನ ಆಟ ಅಂತ ಅದಕ್ಕೂ ಮೊದಲು ಕೂಗಿ ಹೇಳಬೇಕು. ಎರಡು ವಾರ ಪ್ರತಿ ಸಲ ಐದು ಸೆಕೆಂಡ್ ಮುಗಿದು ಬಾಲ್ ಎದುರು ತಂಡಕ್ಕೆ ಹೋಗುತ್ತಿತ್ತು. ಯಾರೂ ಏನೂ ಅನ್ನಲಿಲ್ಲ, ಕಾದರು. ನಿನ್ನೆ ಮಳೆ ಸ್ವಲ್ಪ ಬಿಟ್ಟಿತ್ತು. ಬಾಲ್ ತಲೆಯ ಮೇಲೆ ಹಿಡಿದು "ಎರಡು! ಎರಡು!" ಅಂದಳು. ನಾಲ್ವರೂ ಓಡಿದರು.