ಟೊಮೆಟೊ ಬೀಜ ಹಾಕುವ ಮೊದಲು ನೀರಿನ ಚೊಂಬು ಬಚ್ಚಿಡಿ

2023ರ ಜುಲೈ ನೆನಪಿದೆಯಲ್ವಾ? ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು. ನಮ್ಮ ಮನೆಯ ಸಾರಿಗೆ ಹುಣಸೆಹಣ್ಣೇ ಗತಿಯಾಗಿತ್ತು. ಆ ಸಿಟ್ಟಿಗೆ, ಬುಟ್ಟಿಯಲ್ಲಿ ಉಳಿದಿದ್ದ ಒಂದೇ ಒಂದು ನಾಟಿ ಟೊಮೆಟೊ ಹಿಚುಕಿ, ಬೀಜವನ್ನು ಟೆರೇಸಿನ ಮೇಲಿದ್ದ ಖಾಲಿ ಕುಂಡಕ್ಕೆ ಹಾಕಿದೆ. ಆರನೇ ದಿನ ಕುಂಡದ ತುಂಬ ಮೊಳಕೆ. ಎಣಿಸಿದೆ, 43. ಮನೆಮಂದಿಯನ್ನೆಲ್ಲ ಮೇಲೆ ಕರೆದು ತೋರಿಸಿದೆ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು. ಮಳೆ ಬಂದ ದಿನವೂ ತಪ್ಪಿಸಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ನೋಡಿದರೆ ಅರ್ಧ ಸಸಿಗಳು ಮಲಗಿದ್ದವು. ಎಲೆ ಇನ್ನೂ ಹಸಿರಾಗೇ ಇತ್ತು. ಆದರೆ ಮಣ್ಣು ತಾಕುವ ಜಾಗದಲ್ಲಿ ಕಾಂಡ ದಾರದ ಹಾಗೆ ಸಣ್ಣಗಾಗಿ, ಕಂದು ಬಣ್ಣಕ್ಕೆ ತಿರುಗಿತ್ತು. ಸಂಜೆಗೆ ಉಳಿದವೂ ಬಿದ್ದವು. ಅತ್ತೆ "ಎಲ್ಲರನ್ನೂ ಕರೆದು ತೋರಿಸಿದೆ, ದೃಷ್ಟಿ ಆಯ್ತು" ಎಂದರು. ದೃಷ್ಟಿಯಲ್ಲ, ನೀರು. ಸದಾ ಒದ್ದೆಯಿರುವ ಮಣ್ಣಿನಲ್ಲಿ ಬೆಳೆಯುವ ಶಿಲೀಂಧ್ರ ಎಳೆ ಸಸಿಯ ಕತ್ತನ್ನೇ ಹಿಡಿಯುತ್ತದೆ. ಇದಕ್ಕೆ ಸಸಿ ಕೊಳೆ ರೋಗ ಅನ್ನುತ್ತಾರೆ. ಒಮ್ಮೆ ಬಿದ್ದ ಸಸಿ ಏಳುವುದಿಲ್ಲ. ಆಮೇಲೆ ನಾನು ಕಲಿತದ್ದರಲ್ಲಿ ಅರ್ಧದಷ್ಟು, ಕೈಯನ್ನು ಸುಮ್ನೆ ಇಟ್ಟುಕೊಳ್ಳುವುದು ಹೇಗೆ ಅನ್ನುವುದೇ.

ಮೊದಲು ಕಾಲದ ಮಾತು. ಬೆಲೆ ಏರಿದಾಗ ಬಿತ್ತಬೇಡಿ, ಹವೆ ನೋಡಿ ಬಿತ್ತಿ. ಬೆಂಗಳೂರು, ಮೈಸೂರಿನ ಕಡೆಯವರು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಬೀಜ ಹಾಕಿದರೆ ಮೊದಲ ಸಲಕ್ಕೆ ಸಲೀಸು. ಗಿಡ ಹೂ ಬಿಡುವ ಹೊತ್ತಿಗೆ ಮಳೆ ಹೋಗಿರುತ್ತದೆ, ರಾತ್ರಿ ತಂಪಾಗಿರುತ್ತದೆ. ಮಳೆಗಾಲದಲ್ಲಿ ಎಲೆಗೆ ರೋಗ ಜಾಸ್ತಿ. ಏಪ್ರಿಲ್ ಬಿಸಿಲು 35 ಡಿಗ್ರಿ ದಾಟಿದರೆ ಹೂವು ಕಾಯಿ ಕಟ್ಟದೆ ಉದುರುತ್ತವೆ. ರಾಯಚೂರು, ಕಲಬುರಗಿಯವರಂತೂ ಬೇಸಿಗೆ ಶುರುವಾಗುವುದರೊಳಗೆ ಕೊಯ್ಲು ಮುಗಿಯುವ ಹಾಗೆ ಲೆಕ್ಕ ಹಾಕಬೇಕು. ಕರಾವಳಿಯವರು ಮಳೆ ಪೂರ್ತಿ ನಿಲ್ಲುವವರೆಗೆ ಕಾಯಿರಿ.

ಬೀಜ ಎಲ್ಲಿಂದ? ಅಡುಗೆಮನೆಯ ಹಣ್ಣಿನಿಂದಲೂ ಗಿಡ ಬರುತ್ತದೆ, ಅನುಮಾನ ಬೇಡ. ಸಂತೆಯಲ್ಲಿ ಸಿಗುವ ಹುಳಿ ಹುಳಿ ನಾಟಿ ಹಣ್ಣಾದರೆ ಒಳ್ಳೆಯದು. ದಪ್ಪ ಸಿಪ್ಪೆಯ, ವಾರವಿಟ್ಟರೂ ಕೆಡದ ಹಣ್ಣು ಸಾಮಾನ್ಯವಾಗಿ ಹೈಬ್ರಿಡ್. ಅದರ ಬೀಜ ಮೊಳೆಯುತ್ತದೆ, ಆದರೆ ಮಕ್ಕಳು ಅಪ್ಪ ಅಮ್ಮನ ಹಾಗೆ ಇರುವುದಿಲ್ಲ. ಒಂದು ಗಿಡದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಪ್ಯಾಕೆಟ್ ಬೀಜ ಬೇಕೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಿವೆ. ಅರ್ಕಾ ವಿಕಾಸ್ ಹೈಬ್ರಿಡ್ ಅಲ್ಲ, ಅದರ ಬೀಜ ಎತ್ತಿಟ್ಟು ಮತ್ತೆ ಬಿತ್ತಬಹುದು. ಅರ್ಕಾ ರಕ್ಷಕ್ ಹೈಬ್ರಿಡ್. ಎಲೆ ಮುದುಡುವ ನಂಜು, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ ಈ ಮೂರನ್ನೂ ತಡೆಯುತ್ತದೆ. ಪ್ರತಿ ಸಲ ಬೀಜ ಕೊಳ್ಳಬೇಕು ಅಷ್ಟೇ. ಮೊದಲ ವರ್ಷ ಧೈರ್ಯಕ್ಕೆ ಒಂದು ರಕ್ಷಕ್, ರುಚಿಗೆ ಎರಡು ನಾಟಿ ಅನ್ನುವುದು ನನ್ನ ಲೆಕ್ಕ.

ಸಸಿ ಮಾಡಲು ಟ್ರೇ ಕೊಳ್ಳುವ ಅಗತ್ಯವಿಲ್ಲ. ನಾನು ಮೊಸರಿನ ಕಪ್ಪುಗಳಿಗೆ ಬಿಸಿ ಮಾಡಿದ ಮೊಳೆಯಿಂದ ತಳದಲ್ಲಿ ನಾಲ್ಕು ತೂತು ಮಾಡುತ್ತೇನೆ. ಒಳಗೆ ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಜರಡಿ ಹಿಡಿದ ಕಾಂಪೋಸ್ಟ್. ಕೋಕೋಪೀಟನ್ನು ನೆನೆಸಿ, ಎರಡು ಸಲ ನೀರು ಬದಲಿಸಿ ಹಿಂಡಿ. ಅದರಲ್ಲಿ ಉಪ್ಪಿನ ಅಂಶ ಇರುತ್ತದೆ. ಹಿಂಡಿದ ಮೇಲೆ ಇಡ್ಲಿ ರವೆ ತೊಳೆದು ಹಿಂಡಿದ ಹಾಗೆ ಇರಬೇಕು, ಮುಷ್ಟಿ ಕಟ್ಟಿದರೆ ನೀರು ಸೋರಬಾರದು. ಕಪ್ಪಿಗೆ ಎರಡು ಬೀಜ, ಅರ್ಧ ಸೆಂಟಿಮೀಟರ್ ಆಳಕ್ಕೆ. ಮೇಲೆ ಚಿಟಿಕೆ ಮಣ್ಣು ಉದುರಿಸಿದರೆ ಸಾಕು. ಆಳಕ್ಕೆ ಹೂತರೆ ಮೇಲೆ ಬರುವಷ್ಟು ಶಕ್ತಿ ಆ ಬೀಜಕ್ಕಿರುವುದಿಲ್ಲ.

ಮೊಳೆಯಲು ಐದರಿಂದ ಹತ್ತು ದಿನ ಬೇಕು. ಬಿಸಿಲು ಬೇಡ, ಬೆಚ್ಚಗಿನ ಜಾಗ ಸಾಕು. ನಮ್ಮ ಮನೆಯಲ್ಲಿ ಫ್ರಿಜ್ಜಿನ ತಲೆಯ ಮೇಲೆ ಇಡುತ್ತೇನೆ. ಆದರೆ ಮೊಳಕೆ ಕಂಡ ದಿನವೇ ಬೆಳಕಿಗೆ ತನ್ನಿ. ಒಂದು ದಿನ ತಡವಾದರೂ ಸಸಿ ಬೆಳಕು ಹುಡುಕಿಕೊಂಡು ಬಿಳಿ ದಾರದಂತೆ ಉದ್ದವಾಗಿಬಿಡುತ್ತದೆ. ಮೊಳಕೆ ಬರುವಾಗ ಕತ್ತು ಬಗ್ಗಿಸಿಕೊಂಡೇ ಮೇಲೆ ಬರುತ್ತದೆ. ಕೆಲವದರ ತಲೆ ಮೇಲೆ ಬೀಜದ ಸಿಪ್ಪೆ ಟೋಪಿಯ ಹಾಗೆ ಅಂಟಿಕೊಂಡಿರುತ್ತದೆ. ಎಳೆಯಬೇಡಿ, ಎಲೆಯೇ ಕಿತ್ತು ಬರುತ್ತದೆ. ಬೆರಳ ತುದಿಯಿಂದ ಒಂದು ಹನಿ ನೀರು ಮುಟ್ಟಿಸಿ, ಮೆತ್ತಗಾದ ಮೇಲೆ ತಾನೇ ಬಿಚ್ಚಿಕೊಳ್ಳುತ್ತದೆ.

ಇನ್ನು ನೀರು. ಮೇಲ್ಮಣ್ಣಿನ ಬಣ್ಣ ತಿಳಿಯಾದ ಮೇಲಷ್ಟೇ ಕೊಡಿ. ನಾನು ಮೇಲಿನಿಂದ ಸುರಿಯುವುದನ್ನೇ ಬಿಟ್ಟಿದ್ದೇನೆ. ತಟ್ಟೆಯಲ್ಲಿ ಬೆರಳಷ್ಟು ನೀರು ಹಾಕಿ ಕಪ್ಪುಗಳನ್ನು ಹತ್ತು ನಿಮಿಷ ನಿಲ್ಲಿಸಿ ತೆಗೆಯುತ್ತೇನೆ. ಕೆಳಗಿನಿಂದ ಎಷ್ಟು ಬೇಕೋ ಅಷ್ಟು ಹೀರುತ್ತವೆ, ಕತ್ತು ಒಣಗಿಯೇ ಇರುತ್ತದೆ. ಈ ಪದ್ಧತಿ ಶುರು ಮಾಡಿದ ಮೇಲೆ ಕೊಳೆ ರೋಗಕ್ಕೆ ಒಂದೆರಡು ಸಸಿ ಹೋಗಿರಬಹುದು, ಅಷ್ಟೇ.

ಎರಡೂ ಬೀಜ ಮೊಳೆತರೆ ಒಂದನ್ನು ತೆಗೆಯಬೇಕು. ಇದು ಕಷ್ಟದ ಕೆಲಸ, ನನಗೆ ಈಗಲೂ ಮನಸ್ಸು ಬರುವುದಿಲ್ಲ. ಕೀಳಬೇಡಿ, ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ.

25 ದಿನದ ಹೊತ್ತಿಗೆ ನಾಲ್ಕೈದು ನಿಜವಾದ ಎಲೆ ಬಂದಿರುತ್ತವೆ. ಮೊದಲು ಬರುವ ಉದ್ದನೆಯ ಜೋಡಿ ಲೆಕ್ಕಕ್ಕಿಲ್ಲ, ಅಂಚು ಕಚ್ಚಿದಂತಿರುವ ಎಲೆ ಮಾತ್ರ ಲೆಕ್ಕ. ನೆಡುವ ಮೊದಲು ಒಂದು ವಾರ ಬಿಸಿಲು ಅಭ್ಯಾಸ ಮಾಡಿಸಿ. ಮೊದಲ ದಿನ ಒಂದು ಗಂಟೆ, ಆಮೇಲೆ ಎರಡು, ಹೀಗೆ. ಇಡೀ ಮಧ್ಯಾಹ್ನ ಒಮ್ಮೆಲೇ ಬಿಸಿಲಿಗೆ ಇಟ್ಟರೆ ಎಲೆ ಬಿಳಚಿ ಸುಟ್ಟುಹೋಗುತ್ತದೆ.

ದೊಡ್ಡ ಕುಂಡಕ್ಕೆ 20 ಲೀಟರ್ ಪೇಂಟ್ ಬಕೆಟ್ ಬೇಕಾದಷ್ಟಾಯಿತು. ಒಂದು ಬಕೆಟ್ಟಿಗೆ ಒಂದೇ ಗಿಡ. ಕೆಂಪು ಮಣ್ಣು, ಕೋಕೋಪೀಟ್, ಹಳೆಯ ಕೊಟ್ಟಿಗೆ ಗೊಬ್ಬರ ಸಮಸಮ, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ನೆಡುವಾಗ ಕೆಳಗಿನ ಎಲೆಗಳನ್ನು ಚಿವುಟಿ, ಕಾಂಡವನ್ನು ಮುಕ್ಕಾಲು ಭಾಗ ಹೂತುಬಿಡಿ. ಬೇರೆ ಎಷ್ಟೋ ಗಿಡಕ್ಕೆ ಹೀಗೆ ಮಾಡಿದರೆ ಕೊಳೆಯುತ್ತದೆ. ಟೊಮೆಟೊ ಮಾತ್ರ ಹೂತ ಕಾಂಡದ ಉದ್ದಕ್ಕೂ ಬೇರು ಬಿಡುತ್ತದೆ. ಸಪೂರ ಸಸಿಯನ್ನೂ ಹೀಗೆ ಬದುಕಿಸಬಹುದು. ಅದೇ ದಿನ ಕೋಲೂ ನೆಡಿ, ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಕಟ್ಟಲು ಹಳೆಯ ಕಾಟನ್ ಸೀರೆಯ ಪಟ್ಟಿ ಇರಲಿ. ಪ್ಲಾಸ್ಟಿಕ್ ದಾರ ಕಾಂಡ ಕೊಯ್ಯುತ್ತದೆ.

ಎತ್ತರಕ್ಕೆ ಬೆಳೆಯುವ ತಳಿಯಾದರೆ, ಎಲೆ ಮತ್ತು ಕಾಂಡದ ಸಂದಿಯಲ್ಲಿ ಏಳುವ ಚಿಗುರನ್ನು ವಾರಕ್ಕೊಮ್ಮೆ ಚಿವುಟಬೇಕು. ಗಿಡ್ಡ ಪೊದೆಯ ತಳಿಗೆ ಇದು ಬೇಡ. ನಾಲ್ಕು ಗಿಡದ ಚಿಗುರು ಚಿವುಟಿ ಕೆಳಗೆ ಬಂದು ಕೈ ನೋಡಿಕೊಳ್ಳಿ. ಹೆಬ್ಬೆರಳು ಹಸಿರು ಮಿಶ್ರಿತ ಕಪ್ಪಾಗಿರುತ್ತದೆ. ಸೋಪು ಹಚ್ಚಿದರೆ ನೊರೆ ಹಳದಿಯಾಗಿ ಇಳಿಯುತ್ತದೆ. ಆ ಘಾಟು ವಾಸನೆ ಊಟದ ಹೊತ್ತಿನವರೆಗೂ ಉಗುರಲ್ಲೇ ಇರುತ್ತದೆ. ನನಗೆ ಇಷ್ಟ. ಮಗಳು ಮೂಗು ಮುಚ್ಚಿಕೊಳ್ಳುತ್ತಾಳೆ.

ಗೊಬ್ಬರದ ವಿಷಯದಲ್ಲಿ ನಾನು ಒಂದು ವರ್ಷ ಕೆಟ್ಟೆ. ಯಾರೋ ಹೇಳಿದರೆಂದು ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನು ವಾರಕ್ಕೆ ಎರಡು ಸಲ ಸುರಿದೆ. ಗಿಡ ನನ್ನೆತ್ತರ ಬೆಳೆಯಿತು, ಎಲೆ ಅಂಗೈ ಅಗಲ. ಹೂವು ಮಾತ್ರ ಇಲ್ಲ. ಸಾರಜನಕ ಹೆಚ್ಚಾದರೆ ಗಿಡ ಸೊಪ್ಪಿನ ಮೇಲೇ ನಿಂತುಬಿಡುತ್ತದೆ. ಈಗ ಹದಿನೈದು ದಿನಕ್ಕೊಮ್ಮೆ ಎರಡು ಹಿಡಿ ಕಾಂಪೋಸ್ಟ್, ಅಷ್ಟೇ.

ನೆಟ್ಟು ಒಂದು ತಿಂಗಳು, ಒಂದೂಕಾಲು ತಿಂಗಳಿಗೆ ಹೂವು. ಹೂವಿನೊಳಗೇ ಗಂಡು ಹೆಣ್ಣು ಎರಡೂ ಇರುತ್ತವೆ. ಆದರೆ ಪರಾಗ ಒಂದು ಸಣ್ಣ ಕೊಳವೆಯೊಳಗೆ ಕೂತಿರುತ್ತದೆ, ಅಲುಗಿದರೇ ಉದುರುವುದು. ಹೊಲದಲ್ಲಿ ಗಾಳಿ ಅಲುಗಿಸುತ್ತದೆ. ದಪ್ಪ ಕರಿ ದುಂಬಿ ಹೂವನ್ನು ತಬ್ಬಿಕೊಂಡು ಗುಂಯ್ ಎಂದು ಇಡೀ ಹೂವನ್ನೇ ನಡುಗಿಸುತ್ತದೆ. ಜೇನುಹುಳಕ್ಕೆ ಆ ವಿದ್ಯೆ ಗೊತ್ತಿಲ್ಲ. ನಮ್ಮ ಮೂರನೇ ಮಹಡಿಗೆ ದುಂಬಿ ಅಪರೂಪ, ಹಾಗಾಗಿ ದುಂಬಿ ಕೆಲಸ ನನ್ನದೇ. ಬೆಳಿಗ್ಗೆ ಹತ್ತರ ಸುಮಾರಿಗೆ, ಇಬ್ಬನಿ ಆರಿದ ಮೇಲೆ, ಹೂಗೊಂಚಲಿನ ಹಿಂದಿನ ತೊಟ್ಟಿಗೆ ಬೆರಳಿಂದ ಮೂರು ಸಲ ತಟ್ಟುತ್ತೇನೆ, ಕೇರಂ ಕಾಯಿ ಹೊಡೆದ ಹಾಗೆ, ಆದರೆ ಮೆತ್ತಗೆ.

ಕಾಯಿ ಕಟ್ಟಿದ ಮೇಲೆ ನೀರಿನ ಲೆಕ್ಕ ಬದಲಾಗುತ್ತದೆ. ಆಗ ಜಿಪುಣತನ ಬೇಡ, ಆದರೆ ಏರುಪೇರೂ ಬೇಡ. ಒಮ್ಮೆ ಮದುವೆಗೆಂದು ಶಿವಮೊಗ್ಗಕ್ಕೆ ನಾಲ್ಕು ದಿನ ಹೋಗಿಬಂದು, ಒಣಗಿದ ಗಿಡ ನೋಡಿ ಪಾಪ ಅನಿಸಿ ಬಕೆಟ್‌ಗಟ್ಟಲೆ ಸುರಿದೆ. ಆಗಲೇ ಬಲಿತಿದ್ದ ಹಣ್ಣು ಬಿರಿದವು. ಮುಂದಿನ ದಿನಗಳಲ್ಲಿ ಎಳೆ ಕಾಯಿಗಳ ತಳ ಕಪ್ಪಗೆ, ಚಪ್ಪಲಿ ಚರ್ಮದಂತೆ ಆಯಿತು. ಇದು ಸುಣ್ಣದ ಅಂಶ ಕಾಯಿಯ ತುದಿಗೆ ತಲುಪದೆ ಆಗುವ ತೊಂದರೆ. ಎಲ್ಲರೂ ಮೊಟ್ಟೆ ಸಿಪ್ಪೆ ಹಾಕು ಅನ್ನುತ್ತಾರೆ. ಸಿಪ್ಪೆ ಕರಗಲು ತಿಂಗಳುಗಳೇ ಬೇಕು. ಮಣ್ಣಿನಲ್ಲಿ ಸುಣ್ಣ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಅದನ್ನು ಮೇಲಕ್ಕೆ ಒಯ್ಯುವುದು ನೀರು. ನೀರು ತಪ್ಪಿದರೆ ಅದೂ ತಪ್ಪುತ್ತದೆ. ಬುಡಕ್ಕೆ ಒಣಗಿದ ಎಲೆ ಹಾಸಿ, ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಬೆಳಿಗ್ಗೆಯೇ ನೀರು ಕೊಡಿ. ಬುಡಕ್ಕೆ ಮಾತ್ರ, ಎಲೆಗಲ್ಲ. ಒದ್ದೆ ಎಲೆಗೆ ಅಂಗಮಾರಿ ಬೇಗ ಹತ್ತುತ್ತದೆ. ಕಂದು ಚುಕ್ಕೆಯೊಳಗೆ ಉಂಗುರದಂಥ ಗೆರೆಗಳು ಕಂಡರೆ ಅದೇ. ಆ ಎಲೆ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಹಾಕಬೇಡಿ.

ಹುಳದ ಬಗ್ಗೆ ಎರಡೇ ಮಾತು. ಎಲೆಯಡಿ ಬಿಳಿ ನೊಣ ಕಂಡರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪು ಕಲಸಿ ಸಂಜೆ ಸಿಂಪಡಿಸಿ. ಎಲೆ ಮುದುಡುವ ನಂಜನ್ನು ಹರಡುವುದು ಈ ನೊಣವೇ. ಪಕ್ಕದಲ್ಲಿ ಒಂದೆರಡು ಕುಂಡ ಚೆಂಡುಹೂವು ಇರಲಿ, ಕಾಯಿಕೊರಕದ ಚಿಟ್ಟೆ ಅಲ್ಲಿಗೆ ಹೋಗಿ ಮೊಟ್ಟೆ ಇಡುತ್ತದೆ. ಅಳಿಲಿಗೆ ಮದ್ದಿಲ್ಲ. ಹಣ್ಣು ಪೂರ್ತಿ ಕೆಂಪಾಗುವವರೆಗೆ ಕಾದರೆ ಅದು ನಿಮಗಿಂತ ಮೊದಲೇ ಬರುತ್ತದೆ. ಬಣ್ಣ ತಿರುಗಿದ ಕೂಡಲೇ ಕಿತ್ತು ಒಳಗಿಡಿ, ನಾಲ್ಕೈದು ದಿನದಲ್ಲಿ ಹಣ್ಣಾಗುತ್ತದೆ.

ಬೀಜಕ್ಕೆಂದು ಮಾತ್ರ ಚೆನ್ನಾಗಿ ಕಾಯಿ ಹಿಡಿದ ನಾಟಿ ಗಿಡದ ಒಂದು ಹಣ್ಣನ್ನು ಬಟ್ಟೆಯ ಚೀಲ ಕಟ್ಟಿ ಗಿಡದಲ್ಲೇ ಕಳಿಯಲು ಬಿಡಿ. ಹೆಚ್ಚಿ, ಬೀಜವನ್ನು ರಸದ ಸಮೇತ ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಸೇರಿಸಿ ಎರಡು ಮೂರು ದಿನ ಹುಳಿಯಲು ಇಡಿ. ಬೀಜದ ಸುತ್ತಲಿನ ಲೋಳೆ ಕರಗುತ್ತದೆ. ಒಳ್ಳೆಯ ಬೀಜ ತಳಕ್ಕೆ ಇಳಿಯುತ್ತದೆ. ತೊಳೆದು ಪಿಂಗಾಣಿ ತಟ್ಟೆಯಲ್ಲಿ ನೆರಳಿನಲ್ಲಿ ಒಣಗಿಸಿ. ಪೇಪರ್ ಮೇಲೆ ಹಾಕಿದರೆ ಅಂಟಿಕೊಂಡು ಬರುವುದೇ ಇಲ್ಲ. ಲೋಟದ ಮೇಲೆ "ಬೀಜ, ಮುಟ್ಟಬೇಡಿ" ಎಂದು ಚೀಟಿ ಅಂಟಿಸುವುದು ಮರೆಯಬೇಡಿ. ಮೊದಲ ಸಲ ನಾನು ಅಂಟಿಸಿರಲಿಲ್ಲ. ಮನೆಯವರು ಹಳಸಿದ ಸಾರು ಎಂದುಕೊಂಡು ಸಿಂಕಿಗೆ ಸುರಿದು, ಲೋಟ ತಿಕ್ಕಿ ತೊಳೆದು ಕವುಚಿಟ್ಟಿದ್ದರು.